ಅಮಾವಾಸ್ಯೆ ದಿನ ಪಾಸಾದ ಬೇಸ್ ಪೆಟ್ಟಿಗೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ನನ್ನನ್ನು ಹಳೇ ಕಾಲದವನು ಎಂದು ಬೈಯಿರಿ. ಬೇಸ್ ಗಿಟಾರಿನ ಆಂಪ್ಲಿಫೈಯರು ಹೇಗಿದೆ ಎಂದು ಮೊಬೈಲಿನಲ್ಲಿ ಕೇಳಿ ತೀರ್ಮಾನ ಮಾಡುವವನಿಗೆ ತಲೆ ಇಲ್ಲ. ಫೋನಿನಲ್ಲಿ ಇರುವುದು ಉಗುರಿನಷ್ಟು ಸ್ಪೀಕರು. ಅದರಿಂದ ದಪ್ಪ ಸ್ವರ ಹೊರಗೆ ಬರುವುದೇ ಇಲ್ಲ. ಬಾರದ ಸ್ವರವನ್ನು ಕೇಳಿ 'ಏನ್ ಬೇಸ್ ಐತೋ ಮಾರಾಯಾ!' ಎಂದು ಬಾಯಿ ಬಿಡುತ್ತಾರಲ್ಲ, ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಆರ್ಕೆಸ್ಟ್ರಾ ಪಾರ್ಟಿಯ ಮಾಲೀಕ ನಂದಕಿಶೋರ ಅಂಥವನು.

ನಾನು ಪರಮಾನಂದ. ಜಮಖಂಡಿಯವನು. ಅದೇ ಪಾರ್ಟಿಯಲ್ಲಿ ಮೈಕ್ ಹಿಡಿದು ಮಾತಾಡುತ್ತೇನೆ. ಮದುವೆಯ ಆರತಕ್ಷತೆ ಇರಲಿ, ಸಂಘದ ವಾರ್ಷಿಕೋತ್ಸವ ಇರಲಿ, ಹಾಡುವವರನ್ನೂ ಕರೆಸಿದವರನ್ನೂ ಹೊಗಳಿ ಅಟ್ಟಕ್ಕೇರಿಸುವುದು ನನ್ನ ಕಸುಬು. ಇಷ್ಟು ವರ್ಷ ಯಾರ್ಯಾರನ್ನೋ ಹೊಗಳಿದೆ. ವೇದಿಕೆಯ ಹಿಂದಿನ ಸಾಲಿನಲ್ಲಿ ನಿಂತು ಬೇಸ್ ಬಾರಿಸುವ ಪ್ರಭುಲಿಂಗನ ಹೆಸರನ್ನು ಜನ ಎಂದೂ ಕೇಳಲಿಲ್ಲ, ನಾನೂ ಒತ್ತಿ ಹೇಳಲಿಲ್ಲ.

ಪ್ರಭುಲಿಂಗ ಬನಹಟ್ಟಿಯ ನೇಕಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ಪಾವರ್‌ಲೂಮು ಹಾಕಿಕೊಂಡಿದ್ದಾನೆ. ಹಗಲು ಸೀರೆ, ಸಂಜೆ ಕಾರ್ಯಕ್ರಮವಿದ್ದರೆ ಬೇಸ್. ಮಾತು ಬಹಳ ಕಡಿಮೆ. ಅವನ ಹೆಂಡತಿ ಲಕ್ಷ್ಮವ್ವ ನಗುತ್ತ ಹೇಳುತ್ತಾಳೆ: "ನಮ್ಮ ಮನಿಯವ್ರು ಬಾಯಿ ಬಿಡೂದು ಒಂದು ಉಣ್ಣಾಕ, ಇನ್ನೊಂದು ಕರೆಂಟ್ ಹೋದ್ರ ಬೈಯಾಕ." ಆದರೆ ಆಂಪ್ಲಿಫೈಯರಿನ ವಿಷಯ ಬಂದರೆ ಅವನಿಗೆ ನಾಲಿಗೆ ಬರುತ್ತದೆ. ಬೆಳಗಾವಿಗೆ ಹೋಗಲಿ, ಕೊಲ್ಹಾಪುರಕ್ಕೆ ಹೋಗಲಿ, ವಾದ್ಯದ ಅಂಗಡಿ ಕಂಡರೆ ಒಳಗೆ ಹೊಕ್ಕು, ಚಪ್ಪಲಿ ಬಿಟ್ಟು, ಒಂದೊಂದೇ ಪೆಟ್ಟಿಗೆಗೆ ಗಿಟಾರು ಹಚ್ಚಿ, ಒಂದೇ ಸ್ವರವನ್ನು ಮತ್ತೆ ಮತ್ತೆ ಬಾರಿಸುತ್ತಾನೆ. ಕಿವಿಗೆ ಏನು ಬಂತು, ಅಂಗಾಲಿಗೆ ಏನು ಬಂತು ಎಂದು ಬೇರೆ ಬೇರೆ ನೋಡುತ್ತಾನೆ. ಅಂಗಡಿಯವರು ಬೇಸತ್ತು ಲೈಟು ಆರಿಸಿದ್ದೂ ಉಂಟು.

ಅವನು ಹೊಸದನ್ನು ಕಂಡರೆ ಮೂಗು ಮುರಿಯುವವನಲ್ಲ. "ಹಳೇದಂತ ಅದೇನ್ ದೇವರಲ್ಲ, ಹೊಸಾದಂತ ಅದೇನ್ ದೆವ್ವ ಅಲ್ಲ," ಎನ್ನುತ್ತಾನೆ. ತಂತಿ, ವೈರು ಛಲೋ ಬಂದರೆ ಪಾರ್ಟಿಯಲ್ಲಿ ಎಲ್ಲರಿಗಿಂತ ಮೊದಲು ಕೊಳ್ಳುವವನೂ ಅವನೇ. ಅವನ ತಕರಾರು ಇರುವುದು ಜಾಹೀರಾತಿನ ಮೇಲೆ. ಡಬ್ಬಿಯ ಮೇಲೆ ದೊಡ್ಡ ವ್ಯಾಟು ಬರೆದಿರುತ್ತಾರೆ. "ಒಂದ್ ಕ್ಷಣ ಗುಡುಗೂ ವ್ಯಾಟೋ, ಹಾಡ ಮುಗಿಯೂತನಾ ತಡಿಯೂ ವ್ಯಾಟೋ?" ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಅಂಗಡಿಯವರು ಚಹಾ ತರಿಸುತ್ತಾರೆ.

ಅವನ ಸ್ವಂತ ಪೆಟ್ಟಿಗೆಯನ್ನು ಜಮಖಂಡಿಯ ರೇಡಿಯೋ ರಿಪೇರಿಯ ಲಗಮಪ್ಪ ಕಟ್ಟಿಕೊಟ್ಟಿದ್ದ. ದಪ್ಪ ಹಲಗೆ, ಒಂದು ದೊಡ್ಡ ಸ್ಪೀಕರು, ಎತ್ತಿದವರ ಸೊಂಟ ಹಿಡಿಸುವಂಥ ಟ್ರಾನ್ಸ್‌ಫಾರ್ಮರು. ಟೆಂಪೋಗೆ ಏರಿಸುವಾಗ ಎಲ್ಲರೂ ಅದಕ್ಕೆ ಶಾಪ ಹಾಕುತ್ತಿದ್ದೆವು. ನೆಲದ ಮೇಲೆ ಇಟ್ಟು ಬಾರಿಸಿದರೆ ಮಾತ್ರ ವೇದಿಕೆಯ ಹಲಗೆಗಳೆಲ್ಲ ಮಾತಾಡುತ್ತಿದ್ದವು.

ಆ ಹಲಗೆಯ ಮೇಲೆ ನಿಂತು ಹಾಡುವವಳು ಮಾಯಾ. ರಬಕವಿಯವಳು, ನಮ್ಮ ಮುಖ್ಯ ಗಾಯಕಿ. ಚಿಕ್ಕಂದಿನಿಂದ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಅವಳ ಕಿವಿ ಹೋಗಿದೆ. ಮಗ್ಗದ ಸದ್ದು ಕಿವಿಯನ್ನು ತಿನ್ನುವಾಗ ಸಣ್ಣ ಸ್ವರವನ್ನು ಮೊದಲು ತಿನ್ನುತ್ತದೆ, ದಪ್ಪ ಸ್ವರ ಕೊನೆಗೆ ಉಳಿಯುತ್ತದೆ. ಕೀಬೋರ್ಡು ಅವಳಿಗೆ ಕೇಳುವುದಿಲ್ಲ, ಕೊಳಲಂತೂ ಇಲ್ಲವೇ ಇಲ್ಲ. ಪ್ರಭುಲಿಂಗನ ಬೇಸ್ ಒಂದು ಕೇಳುತ್ತದೆ. ಕೇಳದಿದ್ದಲ್ಲಿ ಅಂಗಾಲಿಗೆ ತಿಳಿಯುತ್ತದೆ. ಅದನ್ನು ಹಿಡಿದುಕೊಂಡು ಅವಳು ಒಂದು ಎಳೆಯೂ ತಪ್ಪದೆ ಹಾಡುತ್ತಾಳೆ. ಮಾತಾಡುವಾಗ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಶೆಡ್ಡಿನಲ್ಲಿ ಬೆಳೆದವರಿಗೆಲ್ಲ ಅದು ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಗೊತ್ತಿದ್ದದ್ದು ಪ್ರಭುಲಿಂಗನಿಗೆ, ನನಗೆ. "ಯಾರಿಗೂ ಹೇಳಬ್ಯಾಡ್ರಿ ಅಣ್ಣಾ," ಎಂದು ಆಣೆ ಹಾಕಿಸಿಕೊಂಡಿದ್ದಳು. "ಹಗಲೆಲ್ಲಾ ನಾ ಕಂಡಿಕಿ ಸುತ್ತಾಕಿ. ಹಾಡೂವಾಗಷ್ಟ ನಾ ಮಾಯಾ."

ಇಷ್ಟರಲ್ಲಿ ನಂದಕಿಶೋರನ ಫೋನಿಗೆ ಆ ವಿಡಿಯೋ ಬಂತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗನೊಬ್ಬ, ಟಿಫಿನ್ ಡಬ್ಬಿಯಷ್ಟು ಆಂಪ್ಲಿಫೈಯರನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸುತ್ತ, 'ಇನ್ನು ದೊಡ್ಡ ಪೆಟ್ಟಿಗೆಯ ಕಾಲ ಮುಗೀತು' ಎಂದು ಸಾರುತ್ತಿದ್ದ. ಅವನಿಗೆ ಆ ಡಬ್ಬಿಯನ್ನು ಪುಕ್ಕಟೆ ಕೊಟ್ಟವರು ಯಾರು ಎಂದು ಕೇಳುವ ಬುದ್ಧಿ ನಂದಕಿಶೋರನಿಗೆ ಇಲ್ಲ. ವಾರದೊಳಗೆ ಡಬ್ಬಿ ತರಿಸಿದ. ಅದರ ಜೊತೆ ಒಂದು ಪುಟ್ಟ ಸ್ಪೀಕರು, ಒಂದು ಸ್ಟ್ಯಾಂಡು.

ಪ್ರಭುಲಿಂಗ ಬೇಡ ಎನ್ನಲಿಲ್ಲ. "ಎರಡೂ ಬಾಜೂಕ ಬಾಜೂಕ ಇಟ್ಟು ನೋಡೂಣು," ಎಂದ. ಅದು ನ್ಯಾಯದ ಮಾತು. ಆದರೆ ಯಾವ ದಿನ ನೋಡುವುದು? ಎಲ್ಲರಿಗೂ ಬಿಡುವಿರುವ ದಿನ ಎಂದರೆ ಅಮಾವಾಸ್ಯೆ. ಅಂದು ಆ ಓಣಿಯಲ್ಲಿ ಮಗ್ಗ ಬಂದ್. ಪಾರ್ಟಿಯವರೆಲ್ಲ ಬನಹಟ್ಟಿಯ ಅವನ ಮನೆಯಲ್ಲಿ ಸೇರಿದೆವು. ಮಾಯಾ ಬಂದಳು, ಓಣಿಯವರೂ ಬಂದು ಬಾಗಿಲಲ್ಲಿ ನಿಂತರು.

ಮಾಡಬಾರದ ತಪ್ಪನ್ನು ಎಲ್ಲರೂ ಸೇರಿ ಮಾಡಿದ್ದು ಅಲ್ಲಿ. ಹುಟ್ಟಿದಾಗಿನಿಂದ ಮಗ್ಗದ ಖಟಖಟ ಕೇಳಿದ ಜನಕ್ಕೆ ಆ ದಿನದ ನಿಶ್ಶಬ್ದದಲ್ಲಿ ಗುಂಡುಸೂಜಿ ಬಿದ್ದರೂ ದೊಡ್ಡ ಸದ್ದು. ಹಳೇ ಪೆಟ್ಟಿಗೆಯ ಸ್ವಿಚ್ ಹಾಕಿದ ಕೂಡಲೇ ಅದರ ಗುಂಯ್‌ಗುಡುವ ಸದ್ದು ಕೇಳಿತು. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲೇ ಇಲ್ಲ! "ಅಯ್ಯ, ಇದ್ಯಾಕ ಹಿಂಗ ನರಳಾಕತ್ತೈತಿ?" ಎಂದು ಲಕ್ಷ್ಮವ್ವನೇ ಗಾಬರಿಯಾದಳು. ಹೊಸ ಡಬ್ಬಿ ಮಾತ್ರ ತಣ್ಣಗಿತ್ತು. ಅದನ್ನು ಪಡಸಾಲೆಯ ಪರಸಿ ಕಲ್ಲಿನ ನೆಲದ ಮೇಲೆ, ಗೋಡೆಯ ಮೂಲೆಯಲ್ಲಿ ಇಟ್ಟು ಬಾರಿಸಿದಾಗ ಮನೆಯೆಲ್ಲ ಗುಮ್ ಎಂದಿತು. ಮಾಯಾ ಬರಿಗಾಲಲ್ಲಿ ನಿಂತು ಎರಡು ಸಾಲು ಹಾಡಿ, ಅಡ್ಡಿಯಿಲ್ಲ ಎನ್ನುವಂತೆ ತಲೆಯಾಡಿಸಿದಳು. ಪ್ರಭುಲಿಂಗ ಕೂಡ "ಛಲೋ ಐತಿ," ಎಂದ. ಬಾಗಿಲಲ್ಲಿ ನಿಂತವರು ಚಪ್ಪಾಳೆ ಹೊಡೆದರು. ನಂದಕಿಶೋರ ಎದೆ ಉಬ್ಬಿಸಿಕೊಂಡು ಜಮಖಂಡಿಗೆ ಹೋದ. ಲಗಮಪ್ಪನ ಪೆಟ್ಟಿಗೆ ಶೆಡ್ಡಿಗೆ ಹೋಯಿತು.

ಮುಂದಿನ ಕಾರ್ಯಕ್ರಮ ಮುಧೋಳದ ಹತ್ತಿರ, ಒಂದು ಕಾರ್ಮಿಕ ಸಂಘದ ವಾರ್ಷಿಕೋತ್ಸವ. ಬಯಲು ಜಾಗ. ತಗಡಿನ ವೇದಿಕೆ, ಅದರ ಮೇಲೆ ದಪ್ಪ ಜಮಖಾನೆ. ಹಿಂದೆ ಜನರೇಟರು, ಮುಂದೆ ಸಾವಿರಾರು ಬಾಯಿ. ಇಲ್ಲಿ ಗೋಡೆ ಎಲ್ಲಿದೆ, ಮೂಲೆ ಎಲ್ಲಿದೆ? ಸ್ಟ್ಯಾಂಡಿನ ಮೇಲೆ ಕೂತ ಪುಟ್ಟ ಸ್ಪೀಕರಿನ ಸದ್ದು ಗಾಳಿಗೆ ಹೋಯಿತು. ಪ್ರಭುಲಿಂಗ ಸ್ಟ್ಯಾಂಡು ತೆಗೆದು ಕೆಳಗೆ ಇಟ್ಟ. ಜಮಖಾನೆ ಅದನ್ನೂ ನುಂಗಿತು.

ಮಾಯಾಳ ಮೊದಲ ಚರಣ ಅಭ್ಯಾಸದ ಬಲದಿಂದ ದಾಟಿತು. ಎರಡನೆಯದರಲ್ಲಿ ಅವಳು ಮುಂಚೆಯೇ ಶುರು ಮಾಡಿದಳು, ಶ್ರುತಿಯೂ ಜಾರಿತು. ನಾನು ವೇದಿಕೆಯ ಪಕ್ಕದಲ್ಲೇ ಇದ್ದೆ. ಹಾಡುತ್ತಲೇ ಅವಳು ಪ್ರಭುಲಿಂಗನ ಕಡೆ ತಿರುಗಿದಳು. ಅವಳ ಮುಖದಲ್ಲಿ ಇದ್ದದ್ದು ಬರೀ ಹೆದರಿಕೆ. ಅವನು ಗುಂಡಿಯನ್ನು ಪೂರ್ತಿ ತಿರುಗಿಸಿದ. ಆ ದೊಡ್ಡ ವ್ಯಾಟಿನ ಡಬ್ಬಿ ಪರ್ರ್ ಎಂದು ಒಡಕು ಸದ್ದು ಮಾಡಿ ಕುಸಿಯಿತು. ಜನ ಸಿಳ್ಳೆ ಹಾಕಿದರು. "ಏ ಅಕ್ಕಾ, ಮನಿಗೆ ನಡಿ!" ಎಂದು ಯಾರೋ ಕೂಗಿದ. ಹಾಡು ನಡುವೆಯೇ ನಿಂತಿತು. ನಾನು ಏನೇನೋ ಹರಟಿ ವಿರಾಮ ಘೋಷಿಸಿದೆ.

ಪರದೆಯ ಹಿಂದೆ ನಂದಕಿಶೋರ ಕೆಂಡವಾಗಿದ್ದ. "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ! ಮಾನ ಕಳದ್ಲಲ್ರೀ! ಈಕಿದು ಇಲ್ಲಿಗೆ ಆತು. ನಾಳಿಂದ ಬ್ಯಾರೆ ಹಾಡಾಕಿ, ರಸಿಕಾನ್ನ ಕರಸ್ತೀನಿ, ಆಕಿ ಹಾಡ್ಲಿ."

ಇಲ್ಲಿ ನೆಲವೇ ಡೊಂಕಾಗಿತ್ತು, ಡೊಂಕು ಮಾಡಿದವನೇ ಗಾದೆ ಹೇಳುತ್ತಿದ್ದ! ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಭುಲಿಂಗ ಮುಂದೆ ಬಂದ.

"ಆಕಿದೇನೂ ತಪ್ಪಿಲ್ರಿ. ನಾ ತಾಳ ಬಿಟ್ಟೆ."

"ನೀವಾ? ನೀವು ತಾಳ ಬಿಟ್ರಿ?"

"ಹೌದ್ರಿ. ಕೈ ತಪ್ಪಿತು. ಯಾರನ್ನರೆ ಬಿಡಸೂದಿದ್ರ ನನ್ನ ಬಿಡಸ್ರಿ."

ಗಡಿಯಾರ ತಪ್ಪಿದರೂ ತಾನು ತಪ್ಪದ ಮನುಷ್ಯ, ತಲೆ ಬಗ್ಗಿಸಿ ಈ ಸುಳ್ಳು ಹೇಳುವುದನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಆಣೆಗೆ ಕಟ್ಟುಬಿದ್ದು ಹಲ್ಲು ಕಚ್ಚಿ ನಿಂತೆ. ಮಾಯಾ ದೂರದಲ್ಲಿ ನೀರು ಕುಡಿಯುತ್ತ ನಿಂತಿದ್ದಳು. ಜನರೇಟರಿನ ಸದ್ದಿನಲ್ಲಿ ಕಿವಿ ಸರಿ ಇದ್ದವರಿಗೂ ಅಲ್ಲಿಗೆ ಏನೂ ಕೇಳುವಂತಿರಲಿಲ್ಲ. ಆದರೆ ಅವಳು ನೋಡುತ್ತಿದ್ದದ್ದು ಪ್ರಭುಲಿಂಗನ ತುಟಿಯನ್ನು. ಲೋಟ ಕೆಳಗಿಟ್ಟು ನೆಟ್ಟಗೆ ನಡೆದು ಬಂದಳು.

"ಅಣ್ಣಾರು ಸುಳ್ಳ ಹೇಳಾಕತ್ತಾರ್ರಿ. ತಾಳ ಬಿಡೂ ಪೈಕಿ ಅಲ್ಲ ಅವರು. ನನಗ ಕಿವಿ ಕೇಳಂಗಿಲ್ಲ. ಅವರ ಪೆಟ್ಟಿಗಿ ಇದ್ರ ಹಾಡತೀನಿ, ಇಲ್ಲಾಂದ್ರ ಇಲ್ಲ."

ನಂದಕಿಶೋರ ಕಣ್ಣು ಕಣ್ಣು ಬಿಟ್ಟ. ನಾಚಿಕೆಯಾಯಿತು ಎಂದುಕೊಂಡಿರಾ? ಜೇಬಿನಿಂದ ಫೋನ್ ತೆಗೆದ! "ಇಷ್ಟಕ್ಕ ಯಾಕ ಅಂಜಬೇಕು? ಕಿವ್ಯಾಗ ಇಟ್ಕೊಳ್ಳೂದು ಒಂದು ಹೊಸಾ ಮಷೀನ ಬಂದೈತಿ, ಮೊನ್ನೆನ ವಿಡಿಯೋ ನೋಡೀನಿ..."

"ಬಾಯಿ ಮುಚ್ಚೋ ನಂದ್ಯಾ!" ಎಂದೆ. ಮಾಲೀಕ ಎಂಬುದು ಮರೆತೇ ಹೋಗಿತ್ತು.

ಪ್ರಭುಲಿಂಗ ನಮ್ಮ ಜಗಳ ಕೇಳಲು ನಿಲ್ಲಲಿಲ್ಲ. ಬೇಸ್ ಹೆಗಲಿಗೆ ಹಾಕಿಕೊಂಡು ಮಾಯಾಳನ್ನು ವೇದಿಕೆಗೆ ಕರೆದೊಯ್ದ. "ತಂಗಿ, ಇಲ್ಲಿ ಕೈ ಇಡು," ಎಂದು ಗಿಟಾರಿನ ಮರದ ಮೈ ತೋರಿಸಿದ. ಅವಳು ಒಂದು ಗಳಿಗೆ ಅಳುಕಿದಳು. ನಮ್ಮ ಕಡೆ ಗರತಿ ಹೆಂಗಸು ಸಾವಿರ ಜನರ ಮುಂದೆ ಪರಪುರುಷನ ಇಷ್ಟು ಹತ್ತಿರ ನಿಂತರೆ ಏನೇನು ಮಾತು ಬರುತ್ತವೆ ಎಂಬುದು ಅವಳಿಗೆ ಗೊತ್ತು, ನನಗೂ ಗೊತ್ತು. ಬಂದವು ಕೂಡ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗೈಯನ್ನು ಮರದ ಮೇಲೆ ಊರಿದಳು. ತಂತಿ ಮಿಡಿದ ಕೂಡಲೇ ಅವಳ ಮುಖ ಬದಲಾಯಿತು. ಆಮೇಲೆ ಹಾಡಿದಳು ನೋಡಿ, ಸಿಳ್ಳೆ ಹಾಕಿದವರೇ ಬಾಯಿ ಮುಚ್ಚಿಕೊಂಡು ಕೇಳಿದರು. ಡಬ್ಬಿಯೂ ಬೇಕಾಗಲಿಲ್ಲ, ಪೆಟ್ಟಿಗೆಯೂ ಬೇಕಾಗಲಿಲ್ಲ.

ಅಲ್ಲಿದ್ದವರೆಲ್ಲ ಫೋನ್ ಎತ್ತಿ ಹಿಡಿದಿದ್ದರು. ಮಾರನೆಯ ದಿನ ಬೀಳಗಿಯಿಂದ ತೇರದಾಳದವರೆಗೆ ಎಲ್ಲರ ಮೊಬೈಲಿನಲ್ಲೂ ಅದೇ ವಿಡಿಯೋ. ಅದನ್ನು ನೋಡಿ ನಂದಕಿಶೋರನಿಗೆ ಜ್ಞಾನೋದಯವಾಯಿತು. ಲಗಮಪ್ಪನ ಪೆಟ್ಟಿಗೆಯನ್ನು ತಾನೇ ಟೆಂಪೋ ತಂದು ಒಯ್ದು, ಪಾಲಿಶ್ ಮಾಡಿಸಿ, ಮೇಲೆ 'ವಿಂಟೇಜ್' ಎಂದು ಬರೆಸಿದ! ನಿನ್ನೆಯವರೆಗೆ ಗುಜರಿ, ಇವತ್ತು ವಿಂಟೇಜ್. ಪ್ರಭುಲಿಂಗ ಅದನ್ನು ಓದಿ, "ಇದೂ ಸುಳ್ಳ," ಎಂದಷ್ಟೇ ಹೇಳಿ ಬಟ್ಟೆ ತೆಗೆದುಕೊಂಡು ಒರೆಸತೊಡಗಿದ. ಬಣ್ಣ ಹೋಗಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಉಗುಳಿ ಸುಮ್ಮನಾಗುತ್ತಿದ್ದೆ. ಜಮಖಂಡಿಯ ಕಾರ್ಯಕ್ರಮಕ್ಕೆ ಮೊದಲು ನಂದಕಿಶೋರ ನನ್ನನ್ನು ಪಕ್ಕಕ್ಕೆ ಕರೆದ. "ಪರಮಣ್ಣಾ, ಜನ ಅದನ್ನ ನೋಡಾಕ ಬಂದಾರ. 'ಕಿವುಡ ಕೋಗಿಲೆ' ಅಂತ ಜೋರಾಗಿ ಎತ್ತಿ ಹೇಳ್ರಿ. ಕಣ್ಣೀರ ಬರಬೇಕು."

ಮಾಯಾ ಅದನ್ನು ಹೇಗೋ ತಿಳಿದುಕೊಂಡಿದ್ದಳು. ವೇದಿಕೆ ಹತ್ತುವ ಮುಂಚೆ ನನ್ನ ಮುಂದೆ ಬಂದು ನಿಂತಳು. "ಹಾಡಾಕ ಬರತೈತಿ ಅಂತ ಕರದ್ರ ಹಾಡತೀನಿ ಅಣ್ಣಾ. ಕಿವುಡಿನ್ನ ನೋಡ ಬರ್ರಿ ಅಂತ ಕರದ್ರ ಅಲ್ಲಿಂದನ ಇಳದ ಹೋಗತೀನಿ. ಮತ್ತೆಂದೂ ಹಾಡಂಗಿಲ್ಲ." ಆ ಮಾತಿನಲ್ಲಿ ಒಂದು ಎಳೆಯೂ ಸಡಿಲ ಇರಲಿಲ್ಲ.

ಮೈಕ್ ನನ್ನ ಕೈಯಲ್ಲಿತ್ತು. ಮೈದಾನ ತುಂಬಿತ್ತು. ಕೆಳಗೆ ಮೊದಲ ಸಾಲಿನಲ್ಲಿ ನಂದಕಿಶೋರ ಕೈ ಎತ್ತಿ ಎತ್ತಿ ಸನ್ನೆ ಮಾಡುತ್ತಿದ್ದ. ಪ್ರಭುಲಿಂಗ ತಂತಿಯ ಮೇಲೆ ಬೆರಳಿಟ್ಟು ತಲೆ ತಗ್ಗಿಸಿ ನಿಂತಿದ್ದ. ಮೆಟ್ಟಿಲ ಹತ್ತಿರ ನಿಂತ ಮಾಯಾಳ ಕಣ್ಣುಗಳು ನನ್ನ ತುಟಿಯ ಮೇಲೆ ನೆಟ್ಟಿದ್ದವು.

ಒಬ್ಬೊಬ್ಬರನ್ನು ಹೊಗಳಲು ನನಗೆ ಕಾಲು ಗಂಟೆ ಸಾಲುತ್ತಿರಲಿಲ್ಲ. ಅಂದು ನಾನು ಹೇಳಿದ್ದು ಇಷ್ಟೇ: "ಈಗ ಮಾಯಾ ಹಾಡತಾರ. ಪ್ರಭುಲಿಂಗ ಬೇಸ್ ಬಾರಸ್ತಾರ. ಸುಮ್ಮನ ಕುಂತ ಕೇಳ್ರಿ."

ಅವಳು ನನ್ನ ತುಟಿಯಿಂದ ಕಣ್ಣು ತೆಗೆದು, ಮೆಟ್ಟಿಲು ಹತ್ತಿ ಬಂದು, ಜನರ ಕಡೆ ತಿರುಗಿ ನಿಂತಳು.