ಮೂರನೇ ಸಲ ಅದೇ ಸಾಲು

ಎರಡು ವರ್ಷದ ಹಿಂದಿನ ಮಾತು. ಮೈಸೂರಿನಿಂದ ಅಪ್ಪ ಆಸ್ಟ್ರೇಲಿಯಾದ ಅಡಿಲೇಡಿಗೆ, ಕಿಲ್ಬರ್ನ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದ ಚಳಿಗಾಲ. ಪೋಲೆಂಡಿನ ಹಿರಿಯ ಪಿಯಾನೋ ವಾದಕರೊಬ್ಬರು ಪರ್ತ್ ಮತ್ತು ಬ್ರಿಸ್ಬೇನ್ ಮುಗಿಸಿಕೊಂಡು ನಮ್ಮೂರಿಗೆ ಬರುತ್ತಾರೆ ಎಂದು ಮಗಳು ಅದಿತಿ ಫೋನಿನಲ್ಲಿ ತೋರಿಸಿದಳು. ಹೆಸರು ಓದಿದ ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ಅಯ್ಯೋ, ನಮ್ಮ ವಿದ್ವಾನ್ ಕಣೇ ಇವರು! ಇನ್ನೂ ನುಡಿಸ್ತಿದ್ದಾರಾ?"

ಆ ಹೆಸರು ನನಗೂ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ಅಪ್ಪನ ಕಾರ್ಖಾನೆಗೆ ಯಂತ್ರ ಕೂರಿಸಲು ಪೋಲೆಂಡಿನ ಎಂಜಿನಿಯರೊಬ್ಬರು ಬಂದಿದ್ದರು. ಹೊರಡುವಾಗ ಅಪ್ಪನಿಗೆ ಈ ವಾದಕರದೇ ಒಂದು ಗ್ರಾಮಫೋನ್ ರೆಕಾರ್ಡ್ ಕೊಟ್ಟುಹೋದರು. ಭಾನುವಾರ ಎಣ್ಣೆನೀರು ಆದಮೇಲೆ, ತಲೆ ಒಣಗಿಸಿಕೊಳ್ಳುತ್ತಾ ನಾವು ಅದನ್ನು ಕೇಳುತ್ತಿದ್ದೆವು. ಅಪ್ಪ ಕಛೇರಿ ಕೇಳಿ ಬೆಳೆದವರು. ವೀಣೆ ಕೇಳುವ ಹಾಗೆಯೇ ಪಿಯಾನೋವನ್ನೂ ಕೇಳುತ್ತಿದ್ದರು, ತೊಡೆಯ ಮೇಲೆ ತಾಳ ಹಾಕಿಕೊಂಡು. ಆ ಸಂಗೀತ ಮಧ್ಯೆ ಮಧ್ಯೆ ನಿಧಾನವಾಗಿ, ಮತ್ತೆ ಓಡಿ, ತಾಳಕ್ಕೆ ಸಿಗದೇ ಹೋದರೆ, "ಈಗ ಆಲಾಪನೆ ಮಾಡ್ತಿದ್ದಾರೆ" ಅನ್ನುತ್ತಿದ್ದರು.

ವಾದಕರ ಬಗ್ಗೆ ಅದಿತಿ ಓದಿ ಹೇಳಿದಳು. ಹತ್ತೊಂಬತ್ತನೇ ಶತಮಾನದ ಭಾವಪ್ರಧಾನ ಸಂಗೀತವನ್ನೇ ಬದುಕಿಡೀ ನುಡಿಸಿದವರು. ಕೆಲವು ಕೃತಿಗಳನ್ನು ಯೌವನದಲ್ಲೊಮ್ಮೆ, ನಡುವಯಸ್ಸಿನಲ್ಲೊಮ್ಮೆ, ಮುಪ್ಪಿನಲ್ಲೊಮ್ಮೆ ರೆಕಾರ್ಡ್ ಮಾಡಿದ್ದಾರೆ. ಇಂದಿಗೂ ಎದುರಿಗೆ ಸ್ವರಲಿಪಿಯ ಪುಸ್ತಕ ಇಟ್ಟುಕೊಳ್ಳುವುದಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮೂವರೂ ಹೊರಟೆವು. ಕಾರಿನಲ್ಲೇ ನಾನು ಎಚ್ಚರಿಸಿದೆ. "ಅಪ್ಪಾ, ಇಲ್ಲಿ ನಡುವೆ ಚಪ್ಪಾಳೆ ತಟ್ಟಬಾರದು. ಮಾತಾಡಲೂಬಾರದು."

"ತಲೆಯಾದರೂ ಆಡಿಸಬಹುದಾ, ಅದಕ್ಕೂ ಪರ್ಮಿಶನ್ ಬೇಕಾ?"

"ತಾತ, ಜಸ್ಟ್ ಸಿಟ್ ಸ್ಟಿಲ್, ಪ್ಲೀಸ್" ಅಂದಳು ಅದಿತಿ.

ವಾದಕರು ನಿಧಾನವಾಗಿ ವೇದಿಕೆಗೆ ನಡೆದು ಬಂದು ಕುಳಿತರು. ನಮ್ಮ ಜಾಗ ಎಡಕ್ಕೆ, ಮೂರನೇ ಸಾಲಿನಲ್ಲಿ. ಅವರ ಕೈ ಮತ್ತು ಒಂದು ಕಿವಿ ನನಗೆ ಚೆನ್ನಾಗಿ ಕಾಣುತ್ತಿದ್ದವು. ಮೊದಲ ಕೃತಿಗಳು ಸಲೀಸಾಗಿ ಹೋದವು. ವಿರಾಮಕ್ಕೆ ಮುಂಚಿನದು ನಮ್ಮ ರೆಕಾರ್ಡಿನಲ್ಲಿದ್ದ ಕೃತಿಯೇ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಕೊನೆಯ ಹತ್ತಿರ ಒಂದು ಸಾಲು ಬಂತು. ಅದು ಮುಗಿದಮೇಲೆ ಸಂಗೀತ ಕೆಳಗಿಳಿದು ಮುಕ್ತಾಯವಾಗಬೇಕು. ಆಗಲಿಲ್ಲ. ಅದೇ ಸಾಲು ಮತ್ತೆ ಬಂತು, ಸ್ವಲ್ಪ ಮೆಲ್ಲಗೆ. ಪಿಯಾನೋ ಕಲಿಯುತ್ತಿರುವ ಅದಿತಿ ನನ್ನ ಕಿವಿಯಲ್ಲಿ ಹೇಳಿದಳು: "ಮಮ್, ಹಿ ಈಸ್ ಲಾಸ್ಟ್." ಕೃತಿಯಲ್ಲಿ ಆ ಸಾಲು ಎರಡು ಕಡೆ ಬರುತ್ತದಂತೆ. ಒಂದು ಕಡೆಯಿಂದ ನಡುಭಾಗಕ್ಕೆ ಹೋಗಬೇಕು, ಇನ್ನೊಂದು ಕಡೆಯಿಂದ ಮುಕ್ತಾಯಕ್ಕೆ. ಅವರಿಗೆ ಹೊರಗೆ ಹೋಗುವ ದಾರಿ ಮರೆತುಹೋಗಿತ್ತು.

ಅವರ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ಎಡಗಾಲು ನೆಲದ ಮೇಲೆ ಏನನ್ನೋ ಹುಡುಕುವ ಹಾಗೆ ಸರಿಯುತ್ತಿತ್ತು. ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅಪ್ಪನ ತುಟಿ ಅಲುಗಾಡಿದ್ದು ಕಂಡು ನಾನು ಅವರ ಸ್ವೆಟರಿನ ತೋಳು ಹಿಡಿದು ಎಳೆದೆ. ಮೂರನೇ ಸಲ ಅದೇ ಸಾಲು ಬಂತು, ಇನ್ನೂ ನಿಧಾನವಾಗಿ. ಅಪ್ಪ ತೋಳು ಬಿಡಿಸಿಕೊಂಡರು.

"ಭೇಷ್!"

ಆ ದೊಡ್ಡ ಸಭಾಂಗಣಕ್ಕೆಲ್ಲ ಕೇಳಿಸಿತು. ಜನ ತಿರುಗಿ ನೋಡಿದರು. ವಾದಕರ ತಲೆ ಒಂದು ಸಲ ನಮ್ಮ ಕಡೆ ಹೊರಳಿತು. ಕೈ ನಿಲ್ಲಲಿಲ್ಲ. ಮರುಕ್ಷಣವೇ ಸಂಗೀತ ಮುಕ್ತಾಯದ ದಾರಿ ಹಿಡಿದು ಇಳಿಯಿತು.

ವಿರಾಮದಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ. ಕಪ್ಪು ಕೋಟು ಹಾಕಿದ್ದ ಮಹಿಳೆಯೊಬ್ಬರು ಬಂದು, "ಕೂಗಿದ್ದು ನೀವೇನಾ?" ಎಂದು ಕೇಳಿದರು. ಅವರು ಕಾರ್ಯಕ್ರಮ ಏರ್ಪಡಿಸಿದವರು. ವಾದಕರು ಇನ್ನು ನುಡಿಸುವುದಿಲ್ಲ ಅನ್ನುತ್ತಿದ್ದಾರೆ, ಆದರೆ ಕೂಗಿದವರನ್ನು ನೋಡಬೇಕಂತೆ ಎಂದರು.

ಒಳಗೆ ಅವರು ಶಾಲು ಹೊದ್ದು ಕುಳಿತಿದ್ದರು. ಇಂಗ್ಲಿಷಿನಲ್ಲಿ ಕೇಳಿದರು, "ಏನು ಹೇಳಿದಿರಿ ನೀವು?"

ಅಪ್ಪ ತಮ್ಮ ಕಾರ್ಖಾನೆ ಇಂಗ್ಲಿಷಿನಲ್ಲೇ ಉತ್ತರಿಸಿದರು. "ಚೆನ್ನಾಗಿದೆ ಅಂದೆ ಸರ್. ನಮ್ಮ ಸಂಗೀತದಲ್ಲಿ ಒಂದೇ ಸಾಲನ್ನ ಮತ್ತೆ ಮತ್ತೆ ಬೇರೆ ಥರ ತೋರಿಸಿದ್ರೆ ಹಾಗಂತೀವಿ. ರೆಕಾರ್ಡಿನಲ್ಲಿ ನೀವು ಹೀಗೆ ಬೆಳೆಸಿಲ್ಲ. ಇವತ್ತು ಬೆಳೆಸಿದ್ರಿ."

ಅವರು ಶಾಲು ಸರಿಮಾಡಿಕೊಂಡರು. "ಬೆಳೆಸಲಿಲ್ಲ. ದಾರಿ ತಪ್ಪಿದ್ದೆ. ಬ್ರಿಸ್ಬೇನಿನಲ್ಲೂ ಹೀಗೇ ಆಯಿತು. ಇನ್ನು ಸಾಕು."

ಅಪ್ಪನ ಮುಖ ಇಳಿಯಿತು. ತಾನು ಮೆಚ್ಚಿದ್ದು ಇನ್ನೊಬ್ಬರ ಸಂಕಟವನ್ನು ಎಂದು ಆಗಷ್ಟೇ ಅವರಿಗೆ ಗೊತ್ತಾಗಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅಪ್ಪ ಕೈ ಅಡ್ಡ ಹಿಡಿದರು.

"ಇರಬಹುದು ಸರ್. ಆದ್ರೆ ಆ ಮೂರನೇ ಸಲದ್ದು ರೆಕಾರ್ಡಿಗಿಂತ ಚೆನ್ನಾಗಿತ್ತು. ನಾನು ಇವಳು ಚಿಕ್ಕವಳಿದ್ದಾಗಿನಿಂದ ಕೇಳ್ತಿದೀನಿ, ನನಗೆ ಗೊತ್ತು. ದಾರಿ ಮರೆತ್ರೆ ಪುಸ್ತಕ ಇಟ್ಕೊಳ್ಳಿ. ನಮ್ಮ ಕಡೆ ಎಷ್ಟೋ ವಿದ್ವಾಂಸರು ಎದುರಿಗೆ ಪುಸ್ತಕ ಇಟ್ಕೊಂಡೇ ಹಾಡ್ತಾರೆ. ಯಾರೂ ಏಳಿ ಅನ್ನಲ್ಲ."

"ಬದುಕಿನಲ್ಲೇ ನಾನು ವೇದಿಕೆಗೆ ಪುಸ್ತಕ ತಂದವನಲ್ಲ" ಅಂದರು ಅವರು.

"ಇವತ್ತು ತನ್ನಿ. ನಾವು ಬಂದಿರೋದು ಕೇಳೋಕೆ ಸರ್, ಪರೀಕ್ಷೆ ಮಾಡೋಕಲ್ಲ."

ಅವರು ನಕ್ಕರೋ, ಕೆಮ್ಮಿದರೋ, ನನಗೆ ಖಚಿತವಿಲ್ಲ. ಕೈ ಚಾಚಿದರು. ಅಪ್ಪ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು.

ವಿರಾಮ ಬಹಳ ಉದ್ದವಾಯಿತು. ಕೆಲವರು ಎದ್ದೂ ಹೋದರು. ಕೊನೆಗೆ ಅವರು ಬಂದರು, ಕಂಕುಳಲ್ಲಿ ಪುಸ್ತಕ. ಪಿಯಾನೋ ಮೇಲೆ ಅದನ್ನು ನಿಲ್ಲಿಸಿ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಪುಟಗಳನ್ನು ತಾವೇ ಮಗುಚುತ್ತಾ ಕೊನೆಯವರೆಗೂ ನುಡಿಸಿದರು. ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಅವರು ಮತ್ತೆಲ್ಲಾದರೂ ನುಡಿಸಿದರೋ ಇಲ್ಲವೋ ನನಗೆ ತಿಳಿಯದು. ಅಪ್ಪ ಈಗಲೂ ಫೋನ್ ಮಾಡಿದಾಗ ಆ ಎರಡನೇ ಭಾಗದ ಬಗ್ಗೆಯೇ ಮಾತಾಡುತ್ತಾರೆ. ನನಗೆ ನೆನಪಾಗುವುದು ಅದಕ್ಕೆ ಮುಂಚಿನ ಗಳಿಗೆ. ಅಷ್ಟು ಜನ, ಮರ್ಯಾದೆ ಎಂದುಕೊಂಡು ಸುಮ್ಮನೆ ಕುಳಿತಿದ್ದೆವು. ಎದುರಿಗೆ ಒಬ್ಬ ಮನುಷ್ಯ ಮುಳುಗುತ್ತಿದ್ದ. ಅಪ್ಪನ ತೋಳನ್ನು ನಾನು ಇನ್ನೊಂಚೂರು ಬಿಗಿಯಾಗಿ ಹಿಡಿದಿದ್ದರೆ ಏನಾಗುತ್ತಿತ್ತೋ. ಅವರು ಅದನ್ನು ಬಿಡಿಸಿಕೊಂಡ ಆ ಎಳೆತ ನನ್ನ ಬೆರಳಿನಲ್ಲಿ ಇನ್ನೂ ಇದೆ.