ಅಣ್ಣ ಗುನುಗಿದ್ದು

ವಿಶ್ವವಿದ್ಯಾಲಯದ ಸಂವಹನ ಪ್ರಯೋಗಾಲಯದಲ್ಲಿ ಅವಳಿಗೆ ‘ಫಿಲ್ಟರ್ ಮೇಡಂ’ ಎಂದೇ ಹೆಸರು. ಯಾರೇ ಪ್ರಯೋಗಕ್ಕೆ ಕೂರಲಿ, ಸ್ವಿಚ್ ಒತ್ತುವ ಮೊದಲು ಫಿಲ್ಟರಿನ ವೈರನ್ನು ಅವಳು ಜಗ್ಗಿ ನೋಡಬೇಕು. “ಮನೇಲಿ ಸೋಸಿದ ಟೀನ ಮತ್ತೆ ಸೋಸ್ತಾರಂತೆ ಕಣೋ,” ಎಂದು ಹಿಂದಿನ ಬೆಂಚಿನವರು ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿದೆ.

ಇಪ್ಪತ್ತೆರಡು ವರ್ಷದ ಹಿಂದೆ ಅವಳೂ ಅದೇ ಬೆಂಚಿನಲ್ಲಿ ಕೂತು ಓದಿದವಳು. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮನೆಯಿಂದ ಒಂದು ಕ್ಯಾಸೆಟ್ ತಂದಿದ್ದಳು. ತೀರಿಹೋದ ಅಣ್ಣ ಟಿವಿ ಮುಂದೆ ಕೂತು ವಾರ್ತೆ ಓದುವವರನ್ನು ಅಣಕಿಸಿದ್ದ ನಾಲ್ಕು ನಿಮಿಷ. ಅವನ ದನಿ ಉಳಿದಿದ್ದದ್ದು ಅದೊಂದರಲ್ಲೇ. “ಇನ್ನೊಂದು ಸಲ ಓಡಿದರೆ ನಿಮ್ಮ ಪುಣ್ಯ,” ಎಂದಿದ್ದ ರೇಡಿಯೊ ರಿಪೇರಿಯವನು. ಆ ಒಂದು ಸಲದಲ್ಲೇ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದಳು.

ಇಳಿಸುವ ಯಂತ್ರ ಸದ್ದನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆದು ಅಂಕಿಗಳಾಗಿಸುತ್ತದೆ. ಅದರ ಅಳತೆಗೆ ಮೀರಿದ ಕೀರಲು ಸದ್ದನ್ನು ಫಿಲ್ಟರು ಮೊದಲೇ ತಡೆಯಬೇಕು. ಇಲ್ಲವಾದರೆ ಅದು ತಗ್ಗು ದನಿಯ ವೇಷ ಹಾಕಿಕೊಂಡು ಒಳಗೆ ಬಂದು ಕೂರುತ್ತದೆ. ಬೇರೆ ದನಿಗಳ ನಡುವೆ ಕೂತದ್ದನ್ನು ಆಮೇಲೆ ಎಬ್ಬಿಸುವುದು ಕಷ್ಟ. ಪುಸ್ತಕದ ಈ ಪುಟ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಆ ದಿನ ಒಂದು ವೈರು ಕಡಿಮೆ ಬಿತ್ತು. ಅಣ್ಣನ ದನಿ ತಾನೂ ಕೇಳಬೇಕೆಂಬ ಆಸೆ. ಫಿಲ್ಟರಿನ ವೈರು ಕಿತ್ತು ಹೆಡ್‌ಫೋನಿಗೆ ಸಿಕ್ಕಿಸಿದಳು, ಟೇಪನ್ನು ನೇರವಾಗಿ ಯಂತ್ರಕ್ಕೆ ಜೋಡಿಸಿದಳು. ಅಣಕದ ವಾರ್ತೆ ಮುಗಿದು ಇನ್ನೊಂದಿಷ್ಟು ಓಡಿ ಟೇಪು ತುಂಡಾಯಿತು.

ಮನೆಯಲ್ಲಿ ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಮಾತು ನಿಂತ ಮೇಲೂ ಒಂದೇ ಶ್ರುತಿಯಲ್ಲಿ ಏನೋ ಗುಂಯ್‌ಗುಡುತ್ತಿತ್ತು.

“ಕೇಳಿಸ್ತೇನೇ? ಗುನುಗ್ತಿದಾನೆ ನೋಡು. ಖುಷಿಯಾದ್ರೆ ಹೀಗೇ ಅಲ್ವಾ ಅವನು?”

ಅಣ್ಣ ಎಂದೂ ಗುನುಗಿದವನಲ್ಲ. ಅದು ಹಳೆಯ ಟಿವಿಯ ಕೀರಲು. ಕಿವಿಗೆ ಬಿದ್ದೂ ಬೀಳದಷ್ಟು ಸಣ್ಣದು, ವೇಷ ಹಾಕಿ ಬಂದಿತ್ತು. ಹೇಳಲು ಬಾಯಿ ತೆರೆದಳು. ಅಮ್ಮನ ಮುಖ ನೋಡಿದಳು.

“ಹೌದಮ್ಮ.”

ಅಮ್ಮ ಈಗ ಮಾತಿನ ಭಾಗ ಕೇಳುವುದೇ ಇಲ್ಲ. “ವಾರ್ತೆ ಬೇಡ್ವೇ, ಅವನು ಗುನುಗೋದು ಹಾಕು,” ಎನ್ನುತ್ತಾಳೆ. ಮಗಳು ಹಾಕುತ್ತಾಳೆ, ಪಕ್ಕದಲ್ಲೇ ಕೂರುತ್ತಾಳೆ.

ಈಚೀಚೆಗೆ ಅಣ್ಣನನ್ನು ನೆನೆದರೆ ಅವಳಿಗೂ ಬಾಗಿಲಿಗೆ ಒರಗಿ, ತುಟಿ ಮುಚ್ಚಿ ಗುನುಗುತ್ತಿರುವವನೇ ಕಾಣುತ್ತಾನೆ. ಅವನು ಹಾಗಿರಲಿಲ್ಲ ಎನ್ನಲು ಅವಳ ಬಳಿ ಬೇರೆ ಟೇಪಿಲ್ಲ.