ನಾಲ್ಕು ಬಾಟ್ಲಿ, ಒಂದು ಕೋಳಿ ಸಾರು

ದಿನಕ್ಕೆ ಎರಡು ಸಲ ನಾನು ಬಾಟ್ಲಿ ಮೂಸುತ್ತೇನೆ. ಬೆಳಿಗ್ಗೆ ದೋಸೆಗೆ ಮೊದಲು, ಸಂಜೆ ದೀಪ ಹಚ್ಚಿದ ಮೇಲೆ. ಹೀಗೆ ಬರೆದರೆ ನೀವು ಬೇರೆ ಏನೋ ತಿಳಿದುಕೊಳ್ಳುತ್ತೀರಿ ಎಂದು ಗೊತ್ತು. ನಮ್ಮ ಪೋಸ್ಟ್‌ಮ್ಯಾನ್ ಸಹ ಹಾಗೆಯೇ ತಿಳಿದುಕೊಂಡು ಎರಡು ದಿನ ಕಾಗದವನ್ನು ಗೇಟಿನಲ್ಲೇ ಸಿಕ್ಕಿಸಿ ಹೋದರು. ಬಾಟ್ಲಿಯಲ್ಲಿ ಇರುವುದು ಲವಂಗ.

ವಿಷಯ ಇಷ್ಟೆ. ಬೇಸಿಗೆಯಲ್ಲಿ ನನಗೊಂದು ವೈರಲ್ ಜ್ವರ ಬಂತು. ನಾಲ್ಕು ದಿನ ಇದ್ದು, ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹೊರಗಿನ ಮೂಗು ಮೂಗುತಿ ಸಮೇತ ಇಲ್ಲಿಯೇ ಉಂಟು. ಒಳಗೆ ಕೆಲಸ ಮಾಡುತ್ತಿದ್ದದ್ದು ಇಲ್ಲ. ಅದು ನನಗೆ ಗೊತ್ತಾಗಲಿಕ್ಕೇ ಒಂದು ವಾರ ಬೇಕಾಯಿತು. ಯಜಮಾನರು ರಬ್ಬರ್ ಶೀಟಿಗೆ ಹೊಗೆ ಹಾಕುವ ಗೂಡಿನಿಂದ ನೇರ ಬಂದು ಊಟಕ್ಕೆ ಕೂತರು. ಹದಿನೆಂಟು ವರ್ಷಗಳಿಂದ ಆ ಹೊತ್ತಿಗೆ ನಾನು ಮೂಗಿಗೆ ಸೆರಗು ಹಿಡಿದು "ಮೊದಲು ಸ್ನಾನ" ಎನ್ನುತ್ತಿದ್ದವಳು. ಅವತ್ತು ಪಕ್ಕದಲ್ಲೇ ಕೂತು ಬಡಿಸಿದೆ. ಅವರು ಅನ್ನ ಕಲಸುವುದು ನಿಲ್ಲಿಸಿ, "ನಿನಗೆ ಎಂತ ಆಯಿತು ಮಾರಾಯ್ತಿ?" ಎಂದರು. ಇಷ್ಟು ಪ್ರೀತಿ ಅವರಿಗೆ ಅಭ್ಯಾಸ ಇರಲಿಲ್ಲ.

ಕಡಬದಿಂದ ಸುಳ್ಯಕ್ಕೆ ಹೋಗಿ ಮೂಗಿನ ಡಾಕ್ಟ್ರನ್ನು ಕಂಡೆವು. ಅವರು ಟಾರ್ಚು ಹಾಕಿ ನೋಡಿ, "ನಾಲಿಗೆಗೆ ಏನೂ ಆಗಿಲ್ಲ, ಉಪ್ಪು ಹುಳಿ ಗೊತ್ತಾಗುತ್ತದೆ. ಮೂಗಿಗೆ ಮಾತ್ರ ಮೊದಲಿನಿಂದ ಪಾಠ ಹೇಳಿಕೊಡಬೇಕು," ಎಂದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಹೀಗೆ ನಾಲ್ಕು ಬಾಟ್ಲಿ. ಒಂದೊಂದನ್ನು ಇಪ್ಪತ್ತು ಸೆಕೆಂಡು ಮೆಲ್ಲಗೆ ಮೂಸುವುದು, ಅದರ ಪರಿಮಳ ಹೇಗಿತ್ತೆಂದು ನೆನಪು ಮಾಡಿಕೊಳ್ಳುವುದು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಎಲ್ಲರಿಗೂ ಪೂರ್ತಿ ಬರುತ್ತದೆಂದು ಹೇಳುವ ಹಾಗಿಲ್ಲ, ಆದರೆ ಬಹಳ ಮಂದಿಗೆ ಬರುತ್ತದೆ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಯಜಮಾನರಿಗೆ ಭಾರಿ ಬೇಸರ. "ಇಷ್ಟು ದೂರ ಬಂದದ್ದಕ್ಕೆ ಒಂದು ಟಾನಿಕ್ ಆದರೂ ಬರೆಯಬಹುದಿತ್ತು," ಎಂದು ಬಸ್ಸಿನಲ್ಲಿ ಮೂರು ಸಲ ಹೇಳಿದರು.

ನನ್ನ ಕಷ್ಟ ಬೇರೆ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಊಟದ ಡಬ್ಬಿ ಮುಚ್ಚಳ ತೆಗೆದು ಯಾರಾದರೂ ಮೂಸಿದರೆ ಸಿಸ್ಟರ್ ಮೆಲ್ಲಗೆ ಬಂದು, "ಮಗು, ಮೂಸುವವರಿಗೆ ನಾಲ್ಕು ಕಾಲು ಇರುತ್ತದೆ, ನಿನಗೆ ಎಷ್ಟು?" ಎಂದು ಕೇಳುತ್ತಿದ್ದರು. ಈ ವಯಸ್ಸಿನಲ್ಲಿ ಆ ಶಿಸ್ತನ್ನೆಲ್ಲ ಬಿಟ್ಟು ಬಾಟ್ಲಿಗೆ ಮೂಗು ತುರುಕುವುದೆಂದರೆ ಸುಲಭವಲ್ಲ. ನೆನಪು ಮಾಡಿಕೊಳ್ಳುವುದಂತೂ ಇನ್ನೂ ಫಜೀತಿ. ಗುಲಾಬಿ ಎಂದರೆ ನನಗೆ ನೆನಪಾಗುವುದು ಮದುವೆ ಮನೆಯಲ್ಲಿ ಕಣ್ಣಿಗೇ ಬಿದ್ದ ಪನ್ನೀರು. ನಿಂಬೆ ಎಂದರೆ ಘಾಟಿಯ ಬಸ್ಸಿನಲ್ಲಿ ವಾಂತಿಯಾಗದಿರಲೆಂದು ಕೈಯಲ್ಲಿ ಹಿಡಿದು, ಆದರೂ ವಾಂತಿಯಾದದ್ದು. ಲವಂಗ ಹಲ್ಲುನೋವು, ನೀಲಗಿರಿ ಶೀತ. ಹೀಗೆ ದಿನಕ್ಕೆ ಎರಡು ಸಲ ನಾನು ಒಂದು ಮದುವೆಗೆ ಹೋಗಿ, ಬಸ್ಸಿನಲ್ಲಿ ವಾಂತಿ ಮಾಡಿ, ಹಲ್ಲುನೋವು ಶೀತ ಎರಡನ್ನೂ ಹಚ್ಚಿಕೊಂಡು ಅಡಿಗೆಮನೆಗೆ ವಾಪಸು ಬರುತ್ತೇನೆ.

ಅಲ್ಲೇ ಒಂದು ಯೋಚನೆ ಬಂತು. ಬಣ್ಣಕ್ಕೆ ಕೆಂಪು, ಹಸಿರು ಎಂದು ಹೆಸರುಂಟು. ರುಚಿಗೆ ಸಿಹಿ, ಕಹಿ ಉಂಟು. ಪರಿಮಳಕ್ಕೆ ಮಾತ್ರ ಸ್ವಂತ ಹೆಸರೇ ಇಲ್ಲ. ಮಲ್ಲಿಗೆಯ ಪರಿಮಳ, ಹಲಸಿನ ಪರಿಮಳ, ಒಣಮೀನಿನ ಪರಿಮಳ ಎಂದು ಯಾರದೋ ಮನೆಯ ಹೆಸರು ಹೇಳಿಕೊಂಡು ತಿರುಗಬೇಕು, ಪಾಪ. ಇಂಥ ಬಡಪಾಯಿ ಕಾಣೆಯಾದರೆ ಹುಡುಕಿಕೊಡಿ ಎಂದು ಯಾರಿಗೆ ಹೇಗೆ ವಿವರಿಸುವುದು?

ಇದೆಲ್ಲ ತಮಾಷೆಯಾಗಿಯೇ ನಡೆಯುತ್ತಿತ್ತು, ಜಡಿಮಳೆಯ ಆಟಿ ತಿಂಗಳು ಬರುವವರೆಗೆ. ಆಟಿಯಲ್ಲಿ ನಮ್ಮ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮ ಉಂಟು. ಸಂಜೆ ಒಳಗೆ ಎಲೆ ಹಾಕಿ, ಕೋಳಿ ಸಾರು, ರೊಟ್ಟಿ ಎಲ್ಲ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಅವರು ಉಂಡ ಮೇಲೆ ನಮ್ಮದು. ಅವರಿಗಿಂತ ಮೊದಲು ಯಾರ ನಾಲಿಗೆಗೂ ಒಂದು ತೊಟ್ಟು ಸೋಕಬಾರದು. ಹಾಗಾದರೆ ಉಪ್ಪು ನೋಡುವುದು ಹೇಗೆ? ಮೂಗಿನಿಂದ. ಪಾತ್ರೆಯ ಮೇಲೆ ಬಗ್ಗಿ, ಆವಿ ಎಳೆದುಕೊಂಡು ಹೇಳಬೇಕು. ಉಪ್ಪಿಗೆ ಪರಿಮಳ ಉಂಟೋ ಎಂದು ಡಾಕ್ಟ್ರನ್ನು ಕೇಳಿದ್ದರೆ ನಗುತ್ತಿದ್ದರೇನೋ. ಆದರೆ ಅತ್ತೆಯ ಮೂಗು ಒಂದು ಸಲವೂ ತಪ್ಪಿದ್ದಿಲ್ಲವಂತೆ. ಆರು ವರ್ಷದ ಹಿಂದೆ ಅವರು ಆ ಅಡಿಗೆ ನನ್ನ ಕೈಗೆ ಕೊಟ್ಟ ದಿನ ನಾನು ಈ ಮನೆಯವಳಾದೆ ಎಂದು ನನಗೆ ಅನಿಸಿತ್ತು.

ಈ ಸಲ ಕೆದಂಬಾಡಿಯಿಂದ ದೊಡ್ಡತ್ತೆ ಬಂದರು. ನನ್ನ ದಿವಂಗತ ಮಾವನ ಅಕ್ಕ. ನನ್ನ ಮೂಗಿನ ಸುದ್ದಿ ಅವರು ಹೊರಡುವ ಮೊದಲೇ ಕೆದಂಬಾಡಿ ತಲುಪಿತ್ತು.

"ಮೂಗಿಲ್ಲದವಳು ಹಿರಿಯರಿಗೆ ಬಡಿಸುದಾ? ನನ್ನ ತಮ್ಮ ಬದುಕಿದ್ದಾಗ ಸಪ್ಪೆ ಸಾರಿನ ಬಟ್ಟಲು ದೂಡಿದ ಜನ. ಈ ಸಲ ನಾನೇ ಮಾಡ್ತೇನೆ. ಇನ್ನು ಮುಂದಕ್ಕೂ ನಾನೇ ಬರ್ತೇನೆ."

"ಅವಳೇ ಮಾಡ್ತಾಳೆ ಅತ್ತಿಗೆ. ನೀವು ಕೂತು ವೀಳ್ಯ ಹಾಕಿ," ಎಂದರು ಅತ್ತೆ.

"ಸರಿ. ತಪ್ಪಿದರೆ ಮುಂದಿನ ವರ್ಷ ಸೌಟು ನನಗೆ."

ಕೋಳಿ ಸಾರು ಕುದಿಯಿತು. ನಾನು ಪಾತ್ರೆಯ ಮೇಲೆ ಬಗ್ಗಿದೆ. ಮುಖಕ್ಕೆ ಬಿಸಿ ಬಂತು, ಕನ್ನಡಕ ಮಂಜಾಯಿತು, ಮತ್ತೇನೂ ಇಲ್ಲ. ಆ ಗಡಿಬಿಡಿಯಲ್ಲಿ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೇ ಮರೆತುಹೋಯಿತು. ಹಾಕಿದ್ದರೆ ಇನ್ನೊಮ್ಮೆ ಹಾಕುವ ಹಾಗಿಲ್ಲ, ಹಾಕದಿದ್ದರೆ ಬಿಡುವ ಹಾಗಿಲ್ಲ. ಉಪ್ಪು ತುಂಬಿದ ಮರದ ಮರಿಗೆ ಹಿಡಿದುಕೊಂಡು ಅಳುವುದೊಂದು ಬಾಕಿ.

ಅತ್ತೆ ಒಳಗೆ ಬಂದರು. ನನ್ನ ಮುಖ ನೋಡಿದರು. ಹಿಂದೆ ತಿರುಗಿ ಬಾಗಿಲಿನ ಚಿಲಕ ಹಾಕಿದರು. ಸೌಟಿನಿಂದ ಒಂದಿಷ್ಟು ಸಾರನ್ನು ಅಂಗೈಗೆ ಹಾಕಿಕೊಂಡು, ಊದಿ, ನೆಕ್ಕಿದರು.

"ಉಪ್ಪು ಬೀಳಲೇ ಇಲ್ಲ. ಹಾಕು."

ನಾನು ಅವರ ಅಂಗೈಯನ್ನೇ ನೋಡಿದೆ.

"ಎಂತ ನೋಡುದು? ನನ್ನ ಅತ್ತೆಯೂ ಹೀಗೇ ಚಿಲಕ ಹಾಕಿ ಕಲಿಸಿದ್ದು. ಮೂಗಲ್ಲಿ ಉಪ್ಪು ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ? ನೀನು ಆರು ವರ್ಷ ನಿಜವಾಗಿ ಮೂಸಿಯೇ ಮಾಡಿದ್ದಾ?"

"ಹೌದು."

"ಅಯ್ಯೋ ದೇವರೇ," ಎಂದು ಅವರು ನನ್ನನ್ನು, ಶಾಲೆಗೆ ಚಪ್ಪಲಿ ಅದಲುಬದಲು ಹಾಕಿಕೊಂಡು ಹೋದ ಮಗುವನ್ನು ನೋಡುವ ಹಾಗೆ ನೋಡಿದರು. ನಾನು ಉಪ್ಪು ಹಾಕಿದೆ. ಅವರು ಇನ್ನೊಮ್ಮೆ ನೆಕ್ಕಿ, ಸೆರಗಿನಲ್ಲಿ ಬಾಯಿ ಒರೆಸಿ, ಚಿಲಕ ತೆಗೆದು ಹೊರಗೆ ಹೋಗಿ, "ಅತ್ತಿಗೆ, ಹುಡುಗಿಗೆ ಮೂಗು ಬಂತು," ಎಂದು ಘೋಷಿಸಿದರು.

ಆಮೇಲೆ ಊಟಕ್ಕೆ ಕೂತಾಗ ದೊಡ್ಡತ್ತೆ ರೊಟ್ಟಿಯ ಮೇಲೆ ಸಾರು ಹಾಕಿಸಿಕೊಂಡು, ಬಹಳ ಹೊತ್ತು ಜಗಿದು, "ಹೌದು, ಬಂದಿದೆ," ಎಂದರು. ಮತ್ತೆ ಎರಡು ಸಲ ಹಾಕಿಸಿಕೊಂಡರು.

ಮೂಗು ಇನ್ನೂ ಬಂದಿಲ್ಲ. ಮೊನ್ನೆ ಲವಂಗದ ಬಾಟ್ಲಿಯಲ್ಲಿ ಏನೋ ಸುಳಿದ ಹಾಗಾಯಿತು. ನಂಬಿ ಸಂಭ್ರಮಪಡುವಷ್ಟು ಅಲ್ಲ. ಹಿರಿಯರಿಗೆ ಮೋಸ ಮಾಡಿದೆನಲ್ಲ ಎಂದು ಮೊದಲು ಸ್ವಲ್ಪ ಕಸಿವಿಸಿಯಾಗಿತ್ತು, ಈಗ ಇಲ್ಲ. ಎಲೆಯ ಮುಂದೆ ಬಂದು ಕೂತ ಹಿರಿಯರಲ್ಲಿ ಗಂಡಸರಿಗೆ ಸಾರು ರುಚಿಯಾದರೆ ಸಾಕು. ಹೆಂಗಸರೆಲ್ಲ ಇದೇ ಅಡಿಗೆಮನೆಯಿಂದ ಹೋದವರು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿದಾಗಲೇ, ಈ ಸಲವೂ ಉಪ್ಪು ಸರಿಯಾಗುತ್ತದೆ ಎಂದು ಅವರಿಗೆ ಸಮಾಧಾನವಾಗಿರಬೇಕು.